ಸರ್ವರ್‌ಗೂ ಒಂದು ಹೊತ್ತು ಐತಿ

ಪ್ರತಿ ವರ್ಷ ಜೂನ್ ಕೊನೆಗೆ ಮಳೆ ಕೈಕೊಟ್ಟಿತು ಅಂದ್ರೆ ಸಾಕು, ನಮ್ಮ ಕಡೆ ವಾಟ್ಸಾಪ್ ಗ್ರೂಪಲ್ಲಿ ಒಂದಿಲ್ಲೊಂದು ವಿಡಿಯೋ ಓಡಾಡೋಕೆ ಶುರುವಾಗ್ತದೆ. ಯಾವುದೋ ಊರಲ್ಲಿ ಕತ್ತೆಗಳಿಗೆ ಬಾಸಿಂಗ ಕಟ್ಟಿ, ಅರಿಶಿಣ ಹಚ್ಚಿ, ಹಲಗಿ ಬಾರಿಸ್ಕೊಂಡು ಮೆರವಣಿಗೆ ಮಾಡಿ ಮದುವೆ ಮಾಡ್ತಿರ್ತಾರೆ, ಇಲ್ಲಾಂದ್ರೆ ಕಪ್ಪೆ ಮದುವೆ. ಕೆಳಗೆ ನಗೋ ಇಮೋಜಿಗಳ ಸಾಲು. "ಇನ್ನೂ ಯಾವ ಕಾಲದಾಗ ಅದೀರಪ್ಪ", "ಚಂದ್ರನ ಮ್ಯಾಲೆ ಹೋದ್ರೂ ನಮ್ಮ ಮಂದಿ ಸುಧಾರಿಸಂಗಿಲ್ಲ". ಹಂಗೆ ಬರೆಯೋರು ಯಾರೋ ಹೊರಗಿನವರಲ್ಲ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆ ಹುಟ್ಟಿ ಈಗ ಬೆಂಗಳೂರಲ್ಲೋ ಹೈದರಾಬಾದಲ್ಲೋ ನೌಕರಿ ಮಾಡೋ ನಮ್ಮ ಹುಡುಗರೇ. ಆ ನಗು ನನ್ನನ್ನ ಬಹಳ ದಿನದಿಂದ ಕಾಡ್ತಾ ಇದೆ. ಕತ್ತೆ ಮದುವೆಗೂ ಮಳೆಗೂ ಸಂಬಂಧ ಇಲ್ಲ, ಅದರಲ್ಲಿ ಎರಡು ಮಾತಿಲ್ಲ, ಇಲ್ಲ ಅಂತ ಗಟ್ಟಿಯಾಗೇ ಹೇಳ್ಬೇಕು ಅನ್ನೋನು ನಾನು. ಆದ್ರೆ ಆ ನಗೋರೆಲ್ಲ ಒಂದು ವಿಷಯ ಮೊದಲೇ ತೀರ್ಮಾನ ಮಾಡಿಬಿಟ್ಟಿರ್ತಾರೆ: ಇಂಥ ಬುಡ ಇಲ್ಲದ ನಂಬಿಕೆ ಹುಟ್ಟೋದು ಓದು ಬರಹ ಇಲ್ಲದ ತಲೆಯೊಳಗೆ ಅಂತ. ನನಗೆ ಅದು ಸುಳ್ಳು ಅನ್ನಿಸ್ತದೆ, ಯಾಕಂದ್ರೆ ಹೊಚ್ಚ ಹೊಸ ನಂಬಿಕೆಯೊಂದು ಹುಟ್ಟೋದನ್ನ ನಾನು ಕಣ್ಣಾರೆ ನೋಡಿದೀನಿ, ಅದೂ ಗುಡಿಯಲ್ಲಲ್ಲ, ರೇಷನ್ ಅಂಗಡಿಯಲ್ಲಿ.

ದೊಡ್ಡವ್ವನ ಬಟ್ಟು

ನಮ್ಮ ದೊಡ್ಡವ್ವ ಇರೋದು ಲಿಂಗಸುಗೂರು ತಾಲ್ಲೂಕಿನ ಒಂದು ಒಣಬೇಸಾಯದ ಊರಲ್ಲಿ. ಜೀವನ ಪೂರ್ತಿ ಕಳೆ ತೆಗೆಯೋದು, ಹತ್ತಿ ಬಿಡಿಸೋದು, ಮೆಣಸಿನಕಾಯಿ ಬಿಡಿಸೋದು, ಮಣ್ಣು ಹೊರೋದು. ಕೈ ಹಿಡ್ಕೊಂಡು ನೋಡಿದ್ರೆ ಬಟ್ಟಿನ ತುದಿಯಲ್ಲಿ ಗೆರೆನೇ ಇಲ್ಲ, ನುಣ್ಣಗೆ ಸವೆದುಹೋಗಿ, ಅಲ್ಲಲ್ಲಿ ಸೀಳಿದ ಗಾಯ ಮಾಗಿದ ಕಲೆ ಅಷ್ಟೇ ಉಳಿದಿದೆ. ಆ ಬಟ್ಟನ್ನ ಅಂಗೈಯಗಲದ ಒಂದು ಮಷೀನಿನ ಗಾಜಿನ ಮೇಲೆ ಇಟ್ಟು, ಈಕೆ ಈಕೆನೇ ಹೌದು ಅಂತ ಎಲ್ಲೋ ದೂರದ ಕಂಪ್ಯೂಟರ್ ಒಪ್ಪಿದ್ರೆ ಮಾತ್ರ ಆ ತಿಂಗಳ ಅಕ್ಕಿ.

ನಾನು ಹೋದಾಗ ಅಂಗಡಿ ಮುಂದೆ ಪಾಳಿ ಹತ್ತಿದ್ದರು. ದೊಡ್ಡವ್ವ ಬಲಗೈ ಹೆಬ್ಬೆಟ್ಟು ಇಟ್ಟಳು, ಬರಲಿಲ್ಲ. ತಲೆ ಬೈತಲೆಗೆ ಬಟ್ಟು ತಿಕ್ಕಿ ಕೊಬ್ಬರಿ ಎಣ್ಣೆ ಹತ್ತಿಸ್ಕೊಂಡು ಇಟ್ಟಳು, ಬರಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು, ಬರಲಿಲ್ಲ. ಹಿಂದಿದ್ದ ಒಬ್ಬಾಕೆ "ಯವ್ವಾ, ಎಡಗೈ ಉಂಗುರದ ಬಟ್ಟು ಇಡು, ನಂದು ಅದ್ರಾಗೇ ಬರ್ತದ" ಅಂದಳು. ಇನ್ನೊಬ್ಬಾಕೆ "ಒತ್ತಬ್ಯಾಡ, ಸುಮ್ನ ಹೂವಿನಂಗ ಇಡು" ಅಂದಳು. ಕಟ್ಟೆ ಮೇಲೆ ಕೂತಿದ್ದ ಮುದುಕಪ್ಪ ಒಬ್ಬರು, "ಈಗ ಬರಂಗಿಲ್ಲ ಬಿಡು ತಂಗಿ, ಸರ್ವರ್‌ಗೂ ಒಂದು ಹೊತ್ತು ಐತಿ, ನಸುಕಿನ್ಯಾಗ ಬಂದ್ರ ಕೊಡ್ತದ" ಅಂದ್ರು. ಅಂಗಡಿಯವನೂ ಕಡಿಮೆ ಇಲ್ಲ, ಮಷೀನನ್ನ ಎತ್ಕೊಂಡು ಬಾಗಿಲಾಚೆ ಬಂದು ಬೇವಿನ ಮರದ ದಿಕ್ಕಿಗೆ ತಿರುಗಿಸಿ ಹಿಡಿದ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ. ದೊಡ್ಡವ್ವ ಸುಸ್ತಾಗಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕೂತು, ಇನ್ನೊಮ್ಮೆ ನೋಡೋಣ ಅಂತ ಬಟ್ಟು ಇಟ್ಟಳು. ಬಂತು. "ಚಪ್ಪಲಿ ಬಿಟ್ಟಿದ್ಲು ನೋಡು" ಅಂತ ಪಾಳಿಯಿಂದ ಯಾರೋ ಅಂದ್ರು, ನಗಲಿಲ್ಲ, ಗಂಭೀರವಾಗೇ ಅಂದ್ರು. ಮುಂದಿನ ಸಲ ನಾನು ಊರಿಗೆ ಹೋದಾಗ ಆ ಮೆಟ್ಟಿಲ ಕೆಳಗೆ ಚಪ್ಪಲಿಗಳ ಸಾಲು ಇತ್ತು.

ಈ ಸಲಹೆಗಳನ್ನ ಒಂದೊಂದಾಗಿ ಹಿಡಿದು ನೋಡ್ರಿ. ಒಣಗಿದ ಬಟ್ಟಿಗಿಂತ ಸ್ವಲ್ಪ ಪಸೆ ಇರೋ ಬಟ್ಟಿನ ಗುರುತು ಮಷೀನಿಗೆ ಚೆನ್ನಾಗಿ ಸಿಗ್ತದೆ, ಹಂಗಾಗಿ ಎಣ್ಣೆ ತಿಕ್ಕೋದ್ರಲ್ಲಿ ಒಂದಿಷ್ಟು ಹುರುಳಿದೆ. ನಸುಕಿನ್ಯಾಗ ಬಳಸೋರು ಕಡಿಮೆ, ನೆಟ್‌ವರ್ಕ್ ಸಲೀಸು, ಅದರಲ್ಲೂ ಹುರುಳಿದೆ. ಬಯಲಿಗೆ ತಂದು ಹಿಡಿಯೋದು ಸಿಗ್ನಲ್ ದೃಷ್ಟಿಯಿಂದ ಸರಿ. ಚಪ್ಪಲಿ ಬಿಡೋದ್ರಲ್ಲಿ ಏನೂ ಇಲ್ಲ. ಆದ್ರೆ ಪಾಳಿಯಲ್ಲಿ ನಿಂತೋರಿಗೆ ಇವುಗಳಲ್ಲಿ ಯಾವುದು ಖರೆ, ಯಾವುದು ಸುಳ್ಳು ಅಂತ ಬೇರ್ಪಡಿಸೋ ದಾರಿ ಏನಿದೆ? ಮಷೀನು ಯಾಕೆ ಒಲ್ಲೆ ಅಂತು ಅಂತ ಅದು ಹೇಳಲ್ಲ, ಅಂಗಡಿಯವನಿಗೂ ಗೊತ್ತಿಲ್ಲ, ಕೇಳ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು ಅನ್ನೋದೂ ಗೊತ್ತಿಲ್ಲ. ತಪ್ಪಿದ್ರೆ ತಿಂಗಳ ಅಕ್ಕಿ ಹೋಯ್ತು. ಇಂಥ ಕಡೆ ಎಲ್ಲವನ್ನೂ ಮಾಡಿಬಿಡೋದೇ ಜಾಣತನ. ಚಪ್ಪಲಿ ಬಿಟ್ಟರೆ ಖರ್ಚೇನು?

ಪಂಜರದ ಪಾರಿವಾಳ

ಬಿ.ಎಫ್. ಸ್ಕಿನ್ನರ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1948ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದ. ಹಸಿದ ಪಾರಿವಾಳಗಳನ್ನ ಒಂದೊಂದು ಪಂಜರದಲ್ಲಿ ಬಿಟ್ಟು, ಅವು ಏನೇ ಮಾಡಲಿ ಬಿಡಲಿ, ಗಡಿಯಾರದ ಪ್ರಕಾರ ಹದಿನೈದು ಸೆಕೆಂಡಿಗೊಮ್ಮೆ ಕಾಳು ಬರೋ ಹಂಗೆ ಮಾಡಿದ. ಕಾಳಿಗೂ ಹಕ್ಕಿ ಮಾಡೋದಕ್ಕೂ ಸಂಬಂಧ ಇಲ್ಲ. ಆದ್ರೂ ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ವಿಚಿತ್ರ ಚಾಳಿ ಹಿಡಿದವು. ಒಂದು ಪಂಜರದೊಳಗೆ ಎಡಕ್ಕೆ ಸುತ್ತು ಹಾಕೋದು, ಇನ್ನೊಂದು ಮೇಲಿನ ಮೂಲೆಗೆ ತಲೆ ಚಾಚೋದು, ಮತ್ತೆರಡು ತಲೆ ಆಚೆ ಈಚೆ ತೂಗೋದು. ಕಾಳು ಬಂದ ಹೊತ್ತಿಗೆ ಏನು ಮಾಡ್ತಿದ್ದವೋ ಅದನ್ನೇ ಮತ್ತೆ ಮತ್ತೆ ಮಾಡಿದವು, ಮಾಡ್ತಾ ಇದ್ದಾಗ ಕಾಳು ಮತ್ತೆ ಬಂತು, ಚಾಳಿ ಗಟ್ಟಿಯಾಯ್ತು ಅಂತ ಸ್ಕಿನ್ನರ್ ವಾದ. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹ್ಯಾಗ್ ಅನ್ನೋರು ಇದನ್ನೇ ಇನ್ನೂ ಸೂಕ್ಷ್ಮವಾಗಿ ಮಾಡಿ, ಆ ಚಲನೆಗಳಲ್ಲಿ ಬಹಳಷ್ಟು ಕಾಳಿಗೆ ಕಾಯೋ ಹಕ್ಕಿ ಸಹಜವಾಗೇ ಮಾಡೋವು, ಸ್ಕಿನ್ನರ್ ಹೇಳಿದಷ್ಟು ಸರಳ ಅಲ್ಲ ಅಂತ ತೋರಿಸಿದ್ರು. ಆ ತಕರಾರು ನ್ಯಾಯವಾದದ್ದೇ. ಆದ್ರೆ ನಾನು ಈ ಪ್ರಯೋಗವನ್ನ ನೆನೆಸಿಕೊಂಡಾಗಲೆಲ್ಲ ಹಕ್ಕಿಗಿಂತ ಜಾಸ್ತಿ ಪಂಜರದ ಬಗ್ಗೆ ಯೋಚನೆ ಬರ್ತದೆ. ಹಸಿವು ಹಕ್ಕಿಯದು, ಕಾಳಿನ ಗಡಿಯಾರ ಬೇರೆಯವರ ಕೈಲಿ. ಹಕ್ಕಿಯ ಬುದ್ಧಿ ಎಷ್ಟು ಅಂತ ಎಲ್ಲರೂ ಅಳೆದ್ರು, ಅಂಥ ಪಂಜರದಲ್ಲಿ ಯಾರನ್ನೇ ಇಟ್ಟರೂ ಏನಾಗ್ತದೆ ಅಂತ ಕೇಳಿದೋರು ಕಡಿಮೆ.

ಗುರ್ಜಿ

ಸಣ್ಣವನಿದ್ದಾಗ ಮಳೆ ಬರಲಿ ಅಂತ ಗುರ್ಜಿ ಆಡಿದ್ದು ನನಗೆ ಚೆನ್ನಾಗಿ ನೆನಪಿದೆ. ಬಿತ್ತಿದ ಸಜ್ಜೆ ಮೊಳಕೆ ಒಡೆದು ಬಾಡೋಕೆ ಹತ್ತಿತ್ತು. ಓಣಿಯ ಹಿರಿಯರು ರೊಟ್ಟಿ ಹಂಚಿನ ಮೇಲೆ ಸಗಣಿಯಿಂದ ಗುರ್ಜಿ ಮಾಡಿ, ಗರಿಕೆ ಸಿಗಿಸಿ, ಕುಂಕುಮ ಹಚ್ಚಿ ಒಬ್ಬ ಹುಡುಗನ ತಲೆ ಮೇಲೆ ಇಟ್ಟರು. ನಾವೆಲ್ಲ ಹಿಂದೆ ಹಿಂದೆ. ಒಂದೊಂದು ಮನೆ ಮುಂದೆ ನಿಂತಾಗಲೂ ಆ ಮನೆಯಾಕೆ ಕೊಡ ತಂದು ಗುರ್ಜಿ ಮೇಲೆ ನೀರು ಸುರಿಯೋಳು, ಹುಡುಗ ಗಿರಗಿರ ತಿರುಗೋನು, ನೀರು ನಾಕೂ ಕಡೆ ಸಿಡಿದು ನಮ್ಮ ಮೈಮೇಲೆಲ್ಲ ಬೀಳೋದು. ಆಮೇಲೆ ಒಂದು ಸೇರು ಜೋಳ, ಇಲ್ಲ ಹಿಟ್ಟು. ಆ ವರ್ಷ ನೀರಿನ ಪರಿಸ್ಥಿತಿ ಹೆಂಗಿತ್ತು ಅಂದ್ರೆ ಕುಡಿಯೋ ನೀರಿಗೆ ನಮ್ಮವ್ವ ಅರ್ಧ ಮೈಲಿ ನಡೀತಿದ್ದಳು. ಅಂಥ ಹೊತ್ತಲ್ಲಿ ಒಂದು ತುಂಬಿದ ಕೊಡವನ್ನ ಬೀದಿಗೆ ಸುರಿಯೋದು! ಒಬ್ಬಾಕೆಯೂ ಅರ್ಧ ಕೊಡ ಹಾಕಿ ಉಳಿಸಿಕೊಳ್ಳಲಿಲ್ಲ. ಸಂಜೆ ಕೂಡಿದ ಕಾಳಲ್ಲಿ ಅಡುಗೆ ಮಾಡಿ ಊರ ಮಂದಿಯೆಲ್ಲ ಒಂದೇ ಕಡೆ ಕೂತು ಉಂಡ್ವಿ. ಯಾರ ಮನೆಯಲ್ಲಿ ಕಾಳು ತೀರಿದೆ, ಯಾರು ಗುಳೆ ಹೋಗೋಕೆ ಗಂಟು ಕಟ್ಟಿದ್ದಾರೆ ಅನ್ನೋದೆಲ್ಲ ಆ ಊಟದಲ್ಲೇ ಎಲ್ಲರಿಗೂ ಗೊತ್ತಾಯ್ತು. ಮಳೆ ಬರಲಿಲ್ಲ. ಯಾರೂ ಗುರ್ಜಿಯನ್ನ ಬೈಯಲಿಲ್ಲ ಅನ್ನೋದು ಆಗ ನನಗೆ ಆಶ್ಚರ್ಯ ಆಗಿತ್ತು, ಈಗ ಆಗಲ್ಲ. ಮಳೆ ತರ್ಸೋದು ಒಂದು ಕೆಲಸ, ಎಲ್ಲರೂ ಕೂಡಿ ಭಯವನ್ನ ಹೊರೋದು ಇನ್ನೊಂದು ಕೆಲಸ, ಎರಡನೇದು ಅವತ್ತು ಆಗಿತ್ತು.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನ ಇಟ್ಟು ನೋಡೋಣ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸ್ತು, 2019ರಲ್ಲೂ ಮಾಡಿಸ್ತು. ಅದೇ 2019ರ ಜೂನ್‌ನಲ್ಲಿ ಮುಜರಾಯಿ ಇಲಾಖೆ, ಮಳೆಗಾಗಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡ್ಬೇಕು ಅಂತ ಆದೇಶ ಹೊರಡಿಸ್ತು. ಅಲ್ಲಿ ಇಂಜಿನಿಯರ್‌ಗಳಿದ್ರು, ಐಎಎಸ್ ಅಧಿಕಾರಿಗಳಿದ್ರು, ಹವಾಮಾನದ ರಡಾರ್ ಇತ್ತು. ನಾನು ಯಾರನ್ನೂ ಹಂಗಿಸೋಕೆ ಇದನ್ನ ಎತ್ತಿಲ್ಲ, ಬರ ಬಂದಾಗ ವಿಧಾನಸೌಧಕ್ಕೂ ಮೋಡ ಅಷ್ಟೇ ದೂರ ಅನ್ನೋದು ಇದರಿಂದ ಕಾಣ್ತದೆ ಅಂತ ಎತ್ತಿದೆ. ಮೋಡ ಬಿತ್ತನೆ ವಿಜ್ಞಾನ ಅಲ್ವಾ ಅಂತ ನೀವು ಕೇಳಬಹುದು. ಹೌದು, ಸಿಲ್ವರ್ ಅಯೋಡೈಡ್ ಕಣಗಳ ಸುತ್ತ ಮೋಡದ ನೀರು ಹೆಪ್ಪುಗಟ್ಟಿ ಹನಿಯಾಗೋದು ಖರೆ, ಆದ್ರೆ ತಕ್ಕ ಮೋಡ ಮೊದಲೇ ಇರ್ಬೇಕು, ಖಾಲಿ ಆಕಾಶದಿಂದ ಏನೂ ಬರಲ್ಲ. ಮೋಡ ಇದ್ದ ದಿನ ಬಿತ್ತನೆ ಮಾಡಿದ ಮೇಲೆ ಮಳೆ ಬಂತು ಅಂದ್ರೆ, ಬಿತ್ತನೆ ಮಾಡದೇ ಇದ್ದಿದ್ರೆ ಅದು ಬರ್ತಿತ್ತೋ ಇಲ್ವೋ ಅಂತ ತಿಳಿಯೋಕೆ ಬಹಳ ಕಟ್ಟುನಿಟ್ಟಿನ ಹೋಲಿಕೆ ಬೇಕು, ವರ್ಷಗಟ್ಟಲೆ ಬೇಕು. ಅದನ್ನ ಮಾಡದೇ "ಮಾಡಿದ್ವಿ, ಬಂತು" ಅನ್ನೋ ಮಾತು ಮಂತ್ರಿಗಳ ಬಾಯಲ್ಲಿ ಬಂದ್ರೂ ಒಂದೇ, ಚಪ್ಪಲಿ ಬಿಟ್ಟ ಪಾಳಿಯಲ್ಲಿ ಬಂದ್ರೂ ಒಂದೇ. ಕುರ್ಚಿಯ ವಿಷಯಕ್ಕೆ ಬಂದ್ರಂತೂ ಕೇಳೋದೇ ಬೇಡ, ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳ್ಕೊಳ್ತಾರೆ ಅಂತ ಎಷ್ಟು ಜನ ಆ ಕಡೆ ತಲೆ ಹಾಕಲಿಲ್ಲ. ಸಿದ್ದರಾಮಯ್ಯ ಮತ್ತೆ ಮತ್ತೆ ಹೋಗಿ ಬಂದು ಐದು ವರ್ಷ ಪೂರೈಸಿದ್ರು.

ಒಳಸಮುದ್ರ, ಹೊರಸಮುದ್ರ, ಟೇಲ್ ಎಂಡ್

ಬ್ರೊನಿಸ್ಲಾವ್ ಮಾಲಿನೋವ್ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ಕಾಲಕ್ಕೆ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ, ಅಂದ್ರೆ ಈಗಿನ ಪಾಪುವಾ ನ್ಯೂಗಿನಿಯ ಭಾಗದಲ್ಲಿ, ಅಲ್ಲಿನ ಜನರ ಜೊತೆಗೇ ಇದ್ದು ನೋಡಿ ಬರೆದ ಒಂದು ಸಂಗತಿ ಇದೆ. ದಂಡೆ ಒಳಗಿನ ಶಾಂತ ನೀರಲ್ಲಿ ಮೀನು ಹಿಡಿಯೋದು ಸುಲಭ, ಅಪಾಯ ಇಲ್ಲ, ಹೋದ್ರೆ ಮೀನು ಸಿಕ್ಕೇ ಸಿಗ್ತದೆ. ಅಲ್ಲಿಗೆ ಮಂತ್ರ ತಂತ್ರ ಏನೂ ಇಲ್ಲ. ಅದೇ ಜನ ಹೊರಸಮುದ್ರಕ್ಕೆ ದೋಣಿ ಇಳಿಸೋವಾಗ ಸಾಲು ಸಾಲು ಮಂತ್ರವಿಧಿ. ತಲೆ ಅದೇ, ಶಿಕ್ಷಣ ಅಷ್ಟೇ, ನೀರು ಮಾತ್ರ ಬೇರೆ.

ಇದನ್ನ ಓದಿದಾಗ ನನಗೆ ತಟ್ಟನೆ ಹೊಳೆದದ್ದು ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ನೀರು ನಿಲ್ಲಿಸೋಕೆ ಶುರುವಾದ ಡ್ಯಾಂ, ಮುನಿರಾಬಾದಿಂದ ಕೊಪ್ಪಳ, ರಾಯಚೂರು ಜಿಲ್ಲೆಯೊಳಗೆ ಸುಮಾರು 227 ಕಿಲೋಮೀಟರ್ ಹರಿಯೋ ಕಾಲುವೆ. ಮೇಲ್ಭಾಗದ ಗಂಗಾವತಿ, ಕಾರಟಗಿ ಕಡೆ ನೆಲ್ಲು ಬೆಳೆಯೋರನ್ನ ಕೇಳಿ, ಗುರ್ಜಿ ಆಡಿದ್ದು ಅಜ್ಜನ ಕಾಲಕ್ಕೆ ಅಂತಾರೆ. ಅವರಿಗೆ ಯಾರೂ ಬಂದು ಭಾಷಣ ಮಾಡಿ ಮೂಢನಂಬಿಕೆ ಬಿಡಿಸಿಲ್ಲ. ಗದ್ದೆ ಬದುವಿಗೆ ನೀರು ಬಂತು, ಗುರ್ಜಿ ತಾನಾಗೇ ಹೋಯ್ತು. ಕಾಲುವೆ ಮುಟ್ಟದ ಕುಷ್ಟಗಿ, ಲಿಂಗಸುಗೂರಿನ ಎರೆ ಹೊಲ, ಮಸಾರಿ ಹೊಲಗಳಲ್ಲಿ ಉಳಿದಿದೆ. ಇವೆರಡರ ನಡುವೆ, ಕಾಲುವೆಯ ಕೊನೆ ತುದಿಯಲ್ಲಿ ಇರೋರು ಟೇಲ್ ಎಂಡ್‌ನೋರು, ಮಾನ್ವಿ, ಸಿರವಾರ ಕಡೆಯೋರು. ನಕ್ಷೆ ಪ್ರಕಾರ ನೀರಾವರಿ, ನೀರು ಮಾತ್ರ ಮೇಲಿನೋರು ಬಿಟ್ಟರೆ ಉಂಟು. ಅಲ್ಲಿ ಬೆಳಿಗ್ಗೆ ಎದ್ದು ಮೊದಲು ನೋಡೋದು ಕಾಲುವೆಯ 69ನೇ ಮೈಲಿನ ಗೇಜ್, ಅಂದ್ರೆ ನೀರಿನ ಮಟ್ಟ, ಎಷ್ಟು ಅಂತ. ಅವರು ರಸ್ತೆ ತಡೆನೂ ಮಾಡ್ತಾರೆ, ಕಾಲುವೆಗೆ ಪೂಜೆನೂ ಮಾಡ್ತಾರೆ. ಅರ್ಧ ಕೈಗೆ ಸಿಗೋದು, ಅರ್ಧ ಸಿಗದೇ ಇರೋದು, ಹಂಗಾಗಿ ಎರಡೂ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯ್ತಲ್ಲ, ಅದರ ಮರುದಿನ ನಾನು ಸಿಂಧನೂರಲ್ಲಿದ್ದೆ. ಚಹಾ ಅಂಗಡಿಯಲ್ಲಿ ಒಂದೇ ಮಾತು. ಗಂಗಮ್ಮ ಮುನಿಸ್ಕೊಂಡಾಳ ಅಂತ ಒಬ್ಬರು, ಆ ನಂಬರೇ ಆಗಿಬರಂಗಿಲ್ಲ ಅಂತ ಇನ್ನೊಬ್ಬರು, ಅಧಿಕಾರದಾಗ ಇರೋರ ಪಾಪ ಅಂತ ಮತ್ತೊಬ್ಬರು. ಎಲ್ಲರ ಮುಖದಲ್ಲೂ ಹೆದರಿಕೆ, ಯಾಕಂದ್ರೆ ನಾಟಿ ಮಾಡಿದ್ದ ನೆಲ್ಲಿನ ನೀರು ಕಣ್ಣೆದುರಿಗೇ ಹೊಳೆ ಪಾಲಾಗ್ತಿತ್ತು. ಆಮೇಲೆ ಡ್ಯಾಂ ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರು ಬಂದ್ರು, ಹರಿಯೋ ನೀರಲ್ಲೇ ಸ್ಟಾಪ್ ಲಾಗ್, ಅಂದ್ರೆ ನೀರು ತಡೆಯೋ ತಾತ್ಕಾಲಿಕ ಗೇಟಿನ ತುಂಡುಗಳನ್ನ, ಇಳಿಸೋ ಕೆಲಸ ಶುರುವಾಯ್ತು, ಟಿವಿಯಲ್ಲಿ, ಮೊಬೈಲಲ್ಲಿ ಎಲ್ಲರೂ ಅದನ್ನ ನೋಡೋಕೆ ಹತ್ತಿದ್ರು. ವಾರದೊಳಗೆ ಅದೇ ಚಹಾ ಅಂಗಡಿಯ ಮಾತು ಎಲ್ಲಿಗೆ ಬಂದಿತ್ತು ಅಂದ್ರೆ, ಚೈನ್ ಎಷ್ಟು ವರ್ಷದ್ದು, ಗೇಟಿನ ತೂಕ ಎಷ್ಟು, ಉಳಿದ 32 ಗೇಟುಗಳ ಚೈನ್ ಯಾರು ಪರೀಕ್ಷೆ ಮಾಡ್ಯಾರ, ಬದಲಿ ಗೇಟ್ ಮೊದಲೇ ಯಾಕ ಇಟ್ಟಿಲ್ಲ. ಗಂಗಮ್ಮನ ಮುನಿಸು ಅಂದಿದ್ದ ಹಿರಿಯರೇ ಸ್ಟಾಪ್ ಲಾಗ್‌ನ ಒಂದೊಂದು ತುಂಡು ಹೆಂಗೆ ಒಂದರ ಮೇಲೆ ಒಂದು ಕೂಡ್ತದೆ ಅಂತ ಚಮಚ ಜೋಡಿಸಿ ತೋರಿಸ್ತಿದ್ರು. ಅವರ ಬುದ್ಧಿ ಆ ವಾರದಲ್ಲಿ ಬೆಳೆದಿದ್ದಲ್ಲ, ಮೊದಲೇ ಇತ್ತು. ಕಾರಣ ಕಣ್ಣಿಗೆ ಬಿತ್ತು ಅಷ್ಟೇ.

ಇಷ್ಟಕ್ಕೇ ಬಿಡೋ ಹಂಗಿಲ್ಲ

ಹಂಗಂತ ಎಲ್ಲ ನಂಬಿಕೆಯನ್ನೂ ಪಾಪ ಬಿಡಿ ಅಂತ ಸುಮ್ಮನಿರೋಕೆ ನನ್ನಿಂದ ಆಗಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಪಕ್ಕದ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೂ ಮಣ್ಣಲ್ಲಿ ಹೂತು ಕೂರಿಸಿದ್ರು, ಗ್ರಹಣದ ಹೊತ್ತಲ್ಲಿ ಹಂಗೆ ಮಾಡಿದ್ರೆ ಕೈಕಾಲು ಸರಿಹೋಗ್ತದೆ ಅಂತ. ಅಳೋ ಆ ಮಕ್ಕಳ ಫೋಟೋ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಅಲ್ಲಿ ಕೊಡ ನೀರು ಸುರಿದು ಕೂಡಿ ಉಣ್ಣೋ ಮಾತಿಲ್ಲ, ಅಲ್ಲಿ ನೋವು ಅನುಭವಿಸೋದು ಬೇಡ ಅನ್ನೋಕೆ ಬಾರದ ಮಗು. ಅದು ತಡೀಲೇಬೇಕು, ಅದಕ್ಕೆ ಕಾನೂನು ಬೇಕೇ ಬೇಕು. 2017ರಲ್ಲಿ ಪಾಸಾದ ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದದ್ದು ಆ ಗ್ರಹಣ ಕಳೆದ ಮೇಲೆ, 2020ರ ಜನವರಿಯಲ್ಲಿ. ಆದ್ರೆ ಆ ತಂದೆತಾಯಿ ಕಲ್ಲು ಮನಸ್ಸಿನೋರು ಅಂತ ಬರೆದವರ ಮಾತನ್ನ ನಾನು ಒಪ್ಪಲ್ಲ. ಅಂಗವಿಕಲ ಮಗುವಿಗೆ ಫಿಸಿಯೋಥೆರಪಿ ಅಂತ ಒಂದಿದೆ, ಅದು ವಾರ ವಾರ, ವರ್ಷಗಟ್ಟಲೆ ಆಗ್ಬೇಕು. ಕೂಲಿ ಬಿಟ್ಟು, ಬಸ್ ಹಿಡಿದು, ಮಗುವನ್ನ ಎತ್ಕೊಂಡು ಅಲ್ಲಿವರೆಗೆ ವಾರ ವಾರ ಯಾರು ಹೋಗೋದು? ಒಂದು ದಿನದಲ್ಲಿ, ಊರಲ್ಲೇ, ಖರ್ಚಿಲ್ಲದೆ ಆಗ್ತದೆ ಅಂತ ಒಬ್ಬರು ಹೇಳಿದಾಗ, ಬೇರೆ ಯಾರೂ ಏನೂ ಹೇಳದೇ ಇದ್ದಾಗ, ಆ ಮಾತಿಗೆ ಎಷ್ಟು ಬಲ ಬರ್ತದೆ.

ಹಾವಿನ ಮಂತ್ರದ್ದೂ ಇದೇ ಕಥೆ, ಆದ್ರೆ ಅದರಲ್ಲಿ ಆದ ಬದಲಾವಣೆಯನ್ನ ನಾನು ಹತ್ತಿರದಿಂದ ನೋಡಿದೀನಿ. ದೊಡ್ಡವ್ವನ ಊರಲ್ಲಿ ಹಾವಿನ ಮಂತ್ರ ಹಾಕೋ ಕಾಕಾ ಒಬ್ಬರಿದ್ದಾರೆ. ದುಡ್ಡು ಮುಟ್ಟಲ್ಲ, ಕಾಯಿ ಒಂದು ಸಾಕು. ಸುತ್ತಲ ಹಳ್ಳಿಯಲ್ಲಿ ಅವರ ಕೈಗುಣ ದೊಡ್ಡದು ಅಂತ ಹೆಸರು, ಆ ಹೆಸರು ಸುಮ್ಮನೆ ಬಂದದ್ದೂ ಅಲ್ಲ, ಯಾಕಂದ್ರೆ ನಮ್ಮ ಕಡೆ ಕಡಿಯೋ ಹಾವುಗಳಲ್ಲಿ ಬಹಳಷ್ಟು ವಿಷ ಇಲ್ಲದವು, ಮತ್ತೆ ನಾಗರ, ಕೊಳಕುಮಂಡಲ ಕಡಿದ್ರೂ ಪ್ರತಿ ಸಲ ವಿಷ ಬಿಡಲ್ಲ. ಹಂಗಾಗಿ ಬಂದವರಲ್ಲಿ ಹೆಚ್ಚಿನವರು ಬದುಕಿದ್ರು. ಬದುಕಿದೋರು ಬಂದು ಕಾಯಿ ಕೊಟ್ಟು ನಾಕು ಮಂದಿಗೆ ಹೇಳಿದ್ರು, ಸತ್ತೋರು ಹೇಳೋಕೆ ಬರಲಿಲ್ಲ. ಹೋದ ವರ್ಷ ಅವರ ಕಟ್ಟೆ ಮೇಲೆ ಕೂತು ಇದನ್ನೇ ಕೇಳಿದೆ, ಸ್ವಲ್ಪ ಅಂಜಿಕೊಂಡೇ ಕೇಳಿದೆ. ಕಾಕಾ ಸಿಟ್ಟಾಗಲಿಲ್ಲ. "ತಮ್ಮಾ, ಮೊದ್ಲು ಇಲ್ಲಿಂದ ದವಾಖಾನಿಗೆ ಎತ್ತಿನ ಬಂಡಿ. ಮುಟ್ಟೋದ್ರಾಗ ಬೆಳಗಾಗ್ತಿತ್ತು, ಮುಟ್ಟಿದ್ರ ಸೂಜಿ ಇರ್ತಿರಲಿಲ್ಲ. ನಾನು ಇಲ್ಲ ಅಂದ್ರ ಅವ್ರು ಯಾರ ಮುಂದ ಕುಂದ್ರಬೇಕಿತ್ತು?" ಅಂದ್ರು. 2008ರಲ್ಲಿ 108 ಆಂಬುಲೆನ್ಸ್ ಬಂತು, ಅದು ಊರ ದಾರಿ ಕಲಿಯೋಕೆ ಒಂದಿಷ್ಟು ವರ್ಷ ಹಿಡೀತು. ತಾಲ್ಲೂಕಿನಲ್ಲಿ ಔಷಧಿ ಸಿಗೋಕೆ ಶುರುವಾಯ್ತು. 2024ರಲ್ಲಂತೂ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯೋರು ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತ ರಾಜ್ಯದಲ್ಲಿ ಆದೇಶ ಆಯ್ತು.

ಈಗ ಯಾರಾದ್ರೂ ಹಾವು ಕಡಿಸ್ಕೊಂಡು ಕಾಕಾನ ಮನೆಗೆ ಓಡಿ ಬಂದ್ರೆ ಅವರು ಮೊದಲು 108ಕ್ಕೆ ಫೋನ್ ಮಾಡಿಸ್ತಾರೆ, ಗಾಡಿ ಬರೋತನಕ ಕೈ ಅಲ್ಲಾಡಿಸಬ್ಯಾಡ, ನಡೀಬ್ಯಾಡ ಅಂತ ಮಲಗಿಸಿ ಪಕ್ಕದಲ್ಲಿ ಕೂತು ಮಂತ್ರ ಹೇಳ್ತಾರೆ. ಗಾಯ ಕೊಯ್ಯೋದು, ಬಾಯಿಂದ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು ಎಲ್ಲ ಬಿಟ್ಟಿದ್ದಾರೆ. ದವಾಖಾನೆಯಿಂದ ಗುಣವಾಗಿ ಬಂದೋರು ಈಗಲೂ ಅವರ ಮನೆಗೆ ಹೋಗಿ ಕಾಯಿ ಒಡೆಸ್ಕೊಂಡು ಹೋಗ್ತಾರೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಇರೋದು ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೊತ್ತು ಯಾರಿರ್ತಾರೆ, ಫ್ರಿಜ್ಜಿನಲ್ಲಿ ಹಾವಿನ ವಿಷದ ಔಷಧಿ ಎಷ್ಟು ವಯಲ್ ಇದೆ ಅನ್ನೋದರ ಬಗ್ಗೆ, ಅದನ್ನ ಕೇಳೋಕೆ ನಾನೂ ಕಾಕಾನೂ ಕೂಡೇ ಹೋಗೋದು ಅಂತ ಮಾತಾಗಿದೆ.